ಬದನೆಕಾಯಿಗೆ ಹೆದರದ ಗ್ರಹಗಳು

ನಮ್ಮ ಮಳಗಿ ಊರಿನಲ್ಲಿ ಈರಕ್ಕನಷ್ಟು ಪ್ರಶ್ನೆ ಕೇಳುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಉಳಿದವರು ನೆಲ ತಟ್ಟಿ ದೇವರನ್ನು ನೆನೆಯುತ್ತಿದ್ದರು. ಈರಕ್ಕ ಮಾತ್ರ, "ಅದಕ್ಕ ಹಸಿವಿ ಆಗಿರಬೇಕು. ನಿಮ್ಮ ಮಾತು ಕಟಗೊಂಡು ಅದಕ್ಕೇನು ಆಗಬೇಕಾಗೇತಿ?" ಎನ್ನುತ್ತಿದ್ದಳು. ಬೆಕ್ಕು ಅಡ್ಡ ಬಂದರೆ, ಅವತ್ತು ಆ ಬೆಕ್ಕಿಗೆ ಏನು ಕೆಟ್ಟದ್ದಾಯಿತು ಎಂದು ವಿಚಾರಿಸುವವಳು. ಪಕ್ಕದ ಮನೆಯ ನನಗೆ ಅವಳ ಬಾಯಿಗೆ ಸಿಕ್ಕು ಸಾಕಾಗಿತ್ತು. ಆದರೂ ಸಂಜೆಯಾದರೆ ಅವಳ ಕಟ್ಟೆಗೇ ಹೋಗಿ ಕೂಡುತ್ತಿದ್ದೆ.

ಇಂಥವಳೂ ಒಬ್ಬನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅವನು ಅವಳ ತಮ್ಮ ಶಿವಲಿಂಗಪ್ಪ. ಗಂಡ ತೀರಿಕೊಂಡಾಗ ಊರ ಆಚೆ ತುದಿಯಿಂದ ಎತ್ತು ಹೊಡೆದುಕೊಂಡು ಬಂದು ಅಕ್ಕನ ಗದ್ದೆ ಉತ್ತವನು ಅವನೇ. ಅವಳ ಒಬ್ಬಳೇ ಮಗಳು ಸುಶೀಲವ್ವ ತೊಟ್ಟಿಲಲ್ಲಿದ್ದಾಗಲೇ, ಇವಳು ಶಿವಲಿಂಗಪ್ಪನ ಹೆಂಡತಿ ಎಂದು ಹಿರಿಯರು ಮಾತಾಡಿಬಿಟ್ಟಿದ್ದರು. ಸೋದರಮಾವನ ಹಕ್ಕು ಅದು, ಯಾರು ಕೇಳುತ್ತಾರೆ? ಆದರೆ ತೊಟ್ಟಿಲ ಕೂಸು ಬೆಳೆದು, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡಕ್ಕೆ ಹೋಗಿ ಶಿಕ್ಷಕಿಯ ತರಬೇತಿ ಪಡೆಯುತ್ತೇನೆಂದು ಹಟ ಹಿಡಿದಿತ್ತು. ಅತ್ತ ಶಿವಲಿಂಗಪ್ಪ, ಯುಗಾದಿ ಆದಮೇಲೆ ಲಗ್ನ ಎಂದು ಹೇಳಿ ಕಳಿಸಿದ. ಬೇಡವೆಂದರೆ ತಮ್ಮ ದೂರವಾಗುತ್ತಾನೆ, ಹೂಂ ಎಂದರೆ ಮಗಳ ಓದು ನಿಲ್ಲುತ್ತದೆ. ಈರಕ್ಕ ಊಟ ಬಿಟ್ಟಳು.

ಅಷ್ಟರಲ್ಲಿ ಅರವತ್ತೆರಡನೇ ಇಸವಿಯ ಅಷ್ಟಗ್ರಹ ಬಂತು. ಫೆಬ್ರವರಿಯ ಅಮಾವಾಸ್ಯೆಗೆ ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಕೂಡುತ್ತವೆ, ಜಗತ್ತು ಮುಳುಗುತ್ತದೆ ಎಂಬ ಸುದ್ದಿ ಮುಂಡಗೋಡದ ಸಂತೆಯಿಂದ ಉಪ್ಪು ಮೆಣಸಿನಕಾಯಿಯ ಜೊತೆಗೇ ಬಂತು. ಮಂದಿ ಹಬ್ಬಕ್ಕಿಟ್ಟ ಬೆಲ್ಲವನ್ನೆಲ್ಲ ಹೋಳಿಗೆ ಮಾಡಿ ಮುಗಿಸಿದರು. ಸಾಯುವುದಿದ್ದರೂ ಹಸಿದ ಹೊಟ್ಟೆಯಲ್ಲಿ ಯಾಕೆ ಸಾಯಬೇಕು? ಊರ ಅಯ್ಯನವರು ಬಸಲಿಂಗಯ್ಯ ಒಂದು ದಾರಿ ಹೇಳಿದರು. ಕಾಶಿಗೆ ಹೋದವರು ಬಿಟ್ಟು ಬರುವಂತೆ, ಪ್ರತಿಯೊಬ್ಬರೂ ತಮಗೆ ಪ್ರೀತಿಯಾದ ಒಂದನ್ನು ದೇವರ ಮುಂದೆ ಬಿಡಬೇಕು.

ಭಾನುವಾರ ಗುಡಿಯ ಮುಂದೆ ಸಾಲು ನಿಂತಿತು. ಹಾಗಲಕಾಯಿ ಬಿಟ್ಟವರೇ ಬಹಳ. ನಾನು ಹಾಲು ಬಿಟ್ಟೆ. ನಮ್ಮ ಎಮ್ಮೆ ಹೇಗೂ ಹಾಲು ಕೊಡುವುದನ್ನು ನಿಲ್ಲಿಸಿತ್ತು. ಶಿವಲಿಂಗಪ್ಪ ಮುಂದೆ ಬಂದು, "ಬದನೀಕಾಯಿ ಬಿಟ್ಟೆ" ಎಂದ.

ಹಿಂದೆ ನಿಂತಿದ್ದ ಈರಕ್ಕ ನಿಟ್ಟುಸಿರು ಬಿಟ್ಟಳು. "ತಮ್ಮಾ, ಎಂಟು ಗ್ರಹ ಕೂಡಿ ಬರಾಕತ್ತಾವ. ನಿನ್ನ ಬದನೀಕಾಯಿಗೆ ಹೆದರತಾವೇನು?"

"ಮತ್ತೇನು ಬಿಡ್ಲಿ ಅಕ್ಕಾ?"

"ನಿನಗ ಜೀವ ಆದದ್ದು ನನಗೇನು ಗೊತ್ತು? ನೀನ ನೋಡ್ಕೋ. ನಾಳೆ ಅಂತೂ ಯಾವ್ದೂ ಉಳಿಯೂದಿಲ್ಲಂತ."

ಈ ಕೊನೆಯ ಮಾತು ನಾಟಿತು. ಹೇಗೂ ಮುಳುಗುವ ಜಗತ್ತು. ದೊಡ್ಡದನ್ನೇ ಬಿಟ್ಟರೆ ಕಳಕೊಳ್ಳುವುದೇನು? ಶಿವಲಿಂಗಪ್ಪ ಎದೆ ಉಬ್ಬಿಸಿ, ಇಡೀ ಊರಿಗೆ ಕೇಳುವಂತೆ, "ಸುಶೀಲವ್ವನ ಮ್ಯಾಲಿನ ನನ್ನ ಹಕ್ಕು ಬಿಟ್ಟೆ!" ಎಂದು ಅಯ್ಯನವರ ಕೈಯಲ್ಲಿ ವೀಳ್ಯ ಇಟ್ಟುಬಿಟ್ಟ. ಹಾಗಲಕಾಯಿಯವರೆಲ್ಲ ತಲೆ ತಗ್ಗಿಸಿದರು.

ಮಂಗಳವಾರ ಕೋಳಿ ಎಂದಿನಂತೆ ಕೂಗಿತು. ಹೊತ್ತೇರುವ ಮೊದಲೇ ಶಿವಲಿಂಗಪ್ಪ ಅಕ್ಕನ ಕಟ್ಟೆಗೆ ಬಂದ. ನಾನು ಅಲ್ಲಿ ಶೇಂಗಾ ಸುಲಿಯುತ್ತಿದ್ದೆ. ಎದ್ದು ಹೋಗುವಷ್ಟು ಒಳ್ಳೆಯವಳು ನಾನಲ್ಲ.

"ಅಕ್ಕಾ, ಜಗತ್ತು ಉಳೀತಲ್ಲ. ಹಂಗಾದ್ರ ನಾ ಅಂದ ಮಾತು..."

"ಯಾಕ ಉಳೀತು?" ಈರಕ್ಕ ಕೇಳಿದಳು. ನಾನು ಸುಲಿದ ಕಾಳನ್ನು ತೆಗೆದು ಸಿಪ್ಪೆಯೊಳಗೆ ಹಾಕುತ್ತಿದ್ದಳು. "ಹಾಗಲಕಾಯಿಲಿಂದ ಉಳೀತೇನು? ನೀ ಅಷ್ಟು ದೊಡ್ಡದು ಬಿಟ್ಟಿ, ಅದಕ್ಕ ಉಳೀತು. ತಿರುಗಿ ತಗೋತಿದ್ರ ತಗೋ. ಆದ್ರ ಗ್ರಹ ಇನ್ನೂ ಭಾಳ ದೂರ ಹೋಗಿಲ್ಲ, ನೋಡು."

ಹಲ್ಲಿಯ ಮಾತನ್ನೂ ನಂಬದ ಹೆಂಗಸಿನ ಬಾಯಲ್ಲಿ ಇಂಥ ಮಾತು! ನಗು ತಡೆಯಲಾಗದೆ ನಾನು ಬುಟ್ಟಿಯೊಳಗೆ ಮುಖ ಹಾಕಿದೆ. ಶಿವಲಿಂಗಪ್ಪ ಅಕ್ಕನ ಮುಖವನ್ನೇ ನೋಡುತ್ತ ನಿಂತ, ಒಂದು ತಂಬಿಗೆ ನೀರು ಕುಡಿದ, ಹೋದ. ಜಗತ್ತನ್ನು ಉಳಿಸಿದವನು ಯಾರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹೇಗೆ ಗೊತ್ತಾಯಿತೆಂದು ನನ್ನನ್ನು ಕೇಳಬೇಡಿ. ಹಾದಿಯಲ್ಲಿ ಅವನಿಗೆ ಮುದುಕರೂ ಕೈ ಮುಗಿಯತೊಡಗಿದರು.

ಜೂನಿನಲ್ಲಿ ಸುಶೀಲವ್ವನ ಟ್ರಂಕು ಹೊತ್ತು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದವನೂ ಅವನೇ. ಮರುವರ್ಷ ಬೇರೆ ಊರಿನ ಹೆಣ್ಣು ತಂದುಕೊಂಡ.

ತರಬೇತಿ ಮುಗಿಸಿ ಬಂದ ಹುಡುಗಿಗೆ ಮಾವನನ್ನು ಮೋಸದಲ್ಲಿಟ್ಟದ್ದು ಚುಚ್ಚುತ್ತಿತ್ತು. ಒಂದು ದಿನ ಅವನನ್ನು ಕೂಡಿಸಿ, ಪಡಸಾಲೆಯ ನೆಲದ ಮೇಲೆ ನಿಂಬೆಹಣ್ಣು ಸಾಲಿಟ್ಟು ತೋರಿಸಿದಳು. ಗ್ರಹಗಳು ಒಂದರ ಹತ್ತಿರ ಒಂದು ಬಂದೇ ಇರಲಿಲ್ಲ, ಭೂಮಿಯಿಂದ ನೋಡುವವರಿಗೆ ಒಂದೇ ದಿಕ್ಕಿನಲ್ಲಿ ಇದ್ದವಷ್ಟೆ.

"ನೀ ಬಿಟ್ಟಿದ್ದಕ್ಕ ಜಗತ್ತು ಉಳೀಲಿಲ್ಲ ಮಾವಾ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಈರಕ್ಕನ ಕೈ ನಿಂತಿತು. ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ನಾನು ಮೆಲ್ಲಗೆ ಹತ್ತಿರ ಸರಿದೆ.

ಶಿವಲಿಂಗಪ್ಪ ಒಂದು ನಿಂಬೆಹಣ್ಣು ಎತ್ತಿ ಮೂಸಿ ನೋಡಿದ. "ಗೊತ್ತೈತವಾ. ಆ ಮಂಗಳವಾರನ ಗೊತ್ತಾಗಿತ್ತು. ಮಂದಿ ಕೈ ಮುಗಿಯೂದು ಚಲೋ ಅನಿಸ್ತು, ಸುಮ್ಮನಿದ್ದೆ." ಆಮೇಲೆ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ನಾ ಹುಟ್ಟಿದಾಗಿಂದ ನಮ್ಮಕ್ಕ ನನ್ನ ಕಡೆ ಒಂದೂ ಬೇಡಿದಾಕಿ ಅಲ್ಲ. ಅವತ್ತು ಬಾಯಿಬಿಟ್ಟು ಬೇಡಾಕ ನಾಚಿ, ಎಂಟು ಗ್ರಹ ಕರಕೊಂಡು ಬಂದಿದ್ಲು. ಹೆಂಗ ಇಲ್ಲ ಅನ್ಲಿ?"