ಗೆದ್ದ ಬ್ಲಾಕು

ಚಿಕ್ಕೋಡಿಯಲ್ಲಿ ನನ್ನದೊಂದು ಲೇಥ್ ಅಂಗಡಿ ಇತ್ತು. ಸವೆದ ಎಂಜಿನ್ನುಗಳ ಬ್ಲಾಕುಗಳನ್ನು ಬೋರ್ ಮಾಡಿಕೊಡುವುದು ಮುಖ್ಯ ಕೆಲಸ. ಬ್ಲಾಕು ಎಂದರೆ ಎಂಜಿನ್ನಿನ ಎರಕದ ಕಬ್ಬಿಣದ ಒಡಲು; ಅದರೊಳಗೆ ಪಿಸ್ಟನ್ ಓಡಾಡುವ ಕೊಳವೆ ಸವೆದರೆ ಅದನ್ನು ಒಳಗಿನಿಂದ ತುಸು ಕೆತ್ತಿ ಅಗಲ ಮಾಡಿ, ಅಷ್ಟೇ ದೊಡ್ಡ ಪಿಸ್ಟನ್ ಕೂರಿಸುತ್ತೇವೆ. ಹಾಗೆ ಕೆತ್ತಿದಾಗಲೆಲ್ಲ ಕೊಳವೆಗೂ ಅದರ ಸುತ್ತ ಹರಿಯುವ ನೀರಿಗೂ ನಡುವಿನ ಕಬ್ಬಿಣದ ಗೋಡೆ ತೆಳುವಾಗುತ್ತ ಹೋಗುತ್ತದೆ. ಇದನ್ನು ತಿಳಿಯಲು ಬಹಳ ಬುದ್ಧಿ ಬೇಕಿಲ್ಲ. ಓಟದ ಶರ್ಯತ್ತು ಹಚ್ಚುವ ನಮ್ಮ ಮಂದಿಗೆ ಅಷ್ಟೂ ಇರಲಿಲ್ಲ.

ಎತ್ತಿನ ಗಾಡಿ ಓಡಿಸಿ ಓಡಿಸಿ ಸಾಲದೆ ಎಂಬತ್ತರ ದಶಕದಲ್ಲಿ ಇವರಿಗೆ ಜೀಪಿನ ಹುಚ್ಚು ಹತ್ತಿತು. ವಾರವೆಲ್ಲ ನಿಪ್ಪಾಣಿ, ರಾಯಬಾಗ, ಅಥಣಿ ಎಂದು ಮಂದಿಯನ್ನು ಬಾಗಿಲತನಕ ತುರುಕಿಕೊಂಡು ವಡಾಪ್ ಎಂಬ ಬಾಡಿಗೆ ಹೊಡೆಯುವ ಹಳೆಯ ಪೆಟ್ರೋಲ್ ಜೀಪುಗಳು, ಒಂದೊಂದು ರವಿವಾರ ಕಾಗವಾಡದ ಆಚೆಯ ನೆಟ್ಟನೆಯ ರಸ್ತೆಯಲ್ಲಿ ಜೋಡಿಯಾಗಿ ನಿಲ್ಲುತ್ತಿದ್ದವು. ಯಾರೋ ಟವೆಲ್ ಬೀಸುತ್ತಿದ್ದ. ದೂರದ ಬೇವಿನ ಗಿಡವನ್ನು ಮೊದಲು ದಾಟಿದವನಿಗೆ ಬಹುಮಾನವಾಗಿ ಒಂದು ತಗಡಿನ ಢಾಲು, ಮೈತುಂಬ ಗುಲಾಲು. ಗೆದ್ದವರು ಬಾನೆಟ್ಟಿಗೆ ಹಾರ ಹಾಕಿ ಊರಲ್ಲಿ ಮೆರೆಸುತ್ತಿದ್ದರು. ಸೋತವರು ಜೀಪಿಗೆ ಲಿಂಬೆಹಣ್ಣು ಕಟ್ಟುತ್ತಿದ್ದರು. ವಾರವಿಡೀ ಹೊರೆ ಹೊರಬೇಕು, ರವಿವಾರ ಬಾಣದಂತೆ ಹೋಗಬೇಕು, ಎರಡಕ್ಕೂ ಒಂದೇ ಎಂಜಿನ್ ಬೇಕು ಎಂದು ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು. ನಾನು ಚಹಾ ಕುಡಿಸಿ, ಅವರು ಹೋದ ಮೇಲೆ ನಗುತ್ತಿದ್ದೆ.

ಅವರೆಲ್ಲರಲ್ಲಿ ನಾನು ಹೆಚ್ಚು ಹೀನಾಯವಾಗಿ ಕಂಡದ್ದು ನನ್ನ ಹೆಂಡತಿಯ ತಮ್ಮನನ್ನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ನಾನು ಮೆಟ್ರಿಕ್. ಆದರೆ ಮದುವೆ ಮನೆಗೆ ಹೋದರೆ ಮಂದಿ ಮುತ್ತುತ್ತಿದ್ದದ್ದು ಅವನನ್ನು. ನನಗೆ ಒಂದು ಕುರ್ಚಿ ಕೊಟ್ಟು ಮರೆಯುತ್ತಿದ್ದರು. ಅವನಿಗೆ ಇದ್ದದ್ದು ಒಂದು ಜೀಪು. ಹೆಂಡತಿ ಮಕ್ಕಳ ಅನ್ನ ಅದರಲ್ಲೇ. ಅದರ ಬ್ಲಾಕು ಇನ್ನು ಕೆತ್ತಲಾಗದಷ್ಟು ಸವೆದಾಗ ಬೇರೊಂದನ್ನು ಆರಿಸಲು ನನ್ನಲ್ಲಿಗೆ ಬಂದ.

ಅಂಗಡಿಯಲ್ಲಿ ಆಗ ಎರಡು ಬ್ಲಾಕುಗಳಿದ್ದವು. ಒಂದು, ದವಾಖಾನೆಯ ಜೀಪಿನದು. ಮೇಲೆಲ್ಲ ತುಕ್ಕು, ಆದರೆ ಒಮ್ಮೆಯೂ ಬೋರ್ ಆಗದ್ದು, ದಪ್ಪ ಗೋಡೆಯದ್ದು. ಇನ್ನೊಂದು, ಸುತ್ತಲ ಶರ್ಯತ್ತುಗಳನ್ನೆಲ್ಲ ಗೆದ್ದ ಐಗಳಿ ಊರಿನ ಜೀಪಿನದು. ಅದರ ಮಾಲಕ ಬೇರೆ ಎಂಜಿನ್ ಕೂರಿಸಿ ಇದನ್ನು ಮಾರಲು ಬಿಟ್ಟಿದ್ದ. ಮೂರು ಸಲ ಅದನ್ನು ಕೆತ್ತಿದವನು ನಾನೇ. ಆದರೂ ಅದನ್ನು ನೋಡಲು ಭೋಜದಿಂದ, ಕಬ್ಬೂರಿನಿಂದ ಮಂದಿ ಬರುತ್ತಿದ್ದರು. ಖಿಲಾರಿ ಹೋರಿಯ ಬೆನ್ನು ಸವರಿದಂತೆ ಸವರುತ್ತಿದ್ದರು. ಹೋರಿಗಾದರೆ ತಳಿ ಉಂಟು, ತಾಯಿ ತಂದೆ ಉಂಟು. ಎರಕದ ಕಬ್ಬಿಣಕ್ಕೆ ತಳಿ ಹುಡುಕುವ ಜನ ಇವರೇ ಇರಬೇಕು.

ಮೈದುನನೂ ಹಾಗೆಯೇ ಸವರಿದ. ದವಾಖಾನೆಯದನ್ನು ಕಾಲಿನಿಂದ ಮುಟ್ಟಿದ.

"ದಾಜಿ, ಇದು ಬಸುರೆಂಗಸರನ್ನ ಹೊತ್ತ ಗಾಡೀದು. ಓಡೂದು ಇದರ ರಕ್ತದಾಗ ಇಲ್ರಿ." ನಮ್ಮಲ್ಲಿ ಅಕ್ಕನ ಗಂಡನಿಗೆ ದಾಜಿ ಎನ್ನುತ್ತಾರೆ.

"ಕಬ್ಬಿಣಕ್ಕ ರಕ್ತ ಎಲ್ಲಿಂದ ಬಂತಲೇ?"

"ಐಗಳೀದು ನೋಡ್ರಿ! ಎಷ್ಟ ಮೈದಾನ ಹೊಡದೈತಿ! ಗೆಲ್ಲೂದು ರೂಢಿ ಆಗಿಬಿಟ್ಟೈತಿ ಅದಕ್ಕ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದ: "ನೀವೇನಂತೀರಿ? ನಿಮ್ಮ ಮನಸಿಗೆ ಹೆಂಗ ಅನಸ್ತೈತಿ?"

ಕೇಳಿದ್ದ. ಅದೇ ಇವತ್ತಿಗೂ ನನ್ನನ್ನು ಬಿಡದೆ ಇರುವುದು. ನಾನು ಹೇಳಿದ್ದು ಇಷ್ಟು: "ಗೆದ್ದ ಬ್ಲಾಕ್ ಅಲ್ಲೇನ ಅದು?"

ಸುಳ್ಳಲ್ಲ. ನಾನು ಬಸದಿಗೆ ಹೋಗುವವನು, ಸುಳ್ಳು ಆಡುವವನಲ್ಲ ಎಂದು ನನಗೆ ದೊಡ್ಡ ಹಮ್ಮು. ಅವನ ಪಿಸ್ಟನ್ನಿಗಾಗಿ ಅದನ್ನು ನಾಲ್ಕನೆಯ ಸಲ ಕೆತ್ತಿದೆ. ಕೊನೆಯ ಕೊಳವೆಯಲ್ಲಿ ಕತ್ತರಿಸುವ ಉಳಿಯ ಸದ್ದೇ ಬೇರೆಯಾಯಿತು, ತೆಳ್ಳನೆಯ ತಗಡಿನ ಸದ್ದು. ಯಂತ್ರ ನಿಲ್ಲಿಸಬಹುದಿತ್ತು. ಒಡೆಯಲಿ, ಆಗ ಇವರಿಗೆ ಬುದ್ಧಿ ಬರುತ್ತದೆ ಎಂದುಕೊಂಡೆ.

ಒಡೆಯಲಿಲ್ಲ; ಗೆದ್ದಿತು. ಕಾಗವಾಡದ ರಸ್ತೆಯಲ್ಲಿ ಮೈದುನ ಒಂದು ಜೀಪಿನಷ್ಟು ಮುಂದೆ ಬೇವಿನ ಗಿಡ ದಾಟಿದ. ಗುಲಾಲಿನಲ್ಲಿ ಮುಳುಗಿದವನು ಓಡಿಬಂದು ನನ್ನ ಕಾಲು ಮುಟ್ಟಿ, "ಎಲ್ಲಾ ದಾಜೀ ಕೈಗುಣ!" ಎಂದು ಕೂಗಿದ. ಮಂದಿ ನನಗೂ ಗುಲಾಲು ಎರಚಿದರು. ಆಗಲೇ ಅವನನ್ನು ಪಕ್ಕಕ್ಕೆ ಕರೆದು, ಸಾಕು, ಇನ್ನು ದವಾಖಾನೆಯದನ್ನು ಕೂರಿಸೋಣ ಎನ್ನಬಹುದಿತ್ತು. ಮುಖ ಒರೆಸಿಕೊಂಡು ಪೇಢೆ ತಿಂದೆ.

ಮುಂದೆ ಒಂದು ಸಂತೆಯ ದಿನ ನಿಪ್ಪಾಣಿ ದಾರಿಯ ಏರಿನಲ್ಲಿ, ತಂಬಾಕಿನ ಕೆಲಸಕ್ಕೆ ಹೊರಟಿದ್ದ ಹೆಂಗಸರನ್ನು ಹೇರಿಕೊಂಡ ಜೀಪು ಬೆಳ್ಳಗೆ ಹಬೆ ಕಾರಿ, ಎಂಜಿನ್ ಬಿಗಿದು ನಿಂತಿತು. ಹೆಂಗಸರು ಇಳಿದು ಬೈಯುತ್ತ ನಡೆದುಹೋದರಂತೆ. ಟ್ರ್ಯಾಕ್ಟರಿಗೆ ಕಟ್ಟಿ ಜೀಪನ್ನು ನನ್ನ ಅಂಗಡಿಗೆ ಎಳೆದು ತಂದರು. ಬಿಚ್ಚಿ ನೋಡಿದರೆ ಕೊನೆಯ ಕೊಳವೆಯ ಗೋಡೆ ಬೆರಳುದ್ದ ಸೀಳಿ ನೀರು ಒಳಗೆ ನುಗ್ಗಿತ್ತು. ಮೈದುನ ಹಿಂದೆಯೇ ನಿಂತಿದ್ದ. ನಾನು ಸೀಳಿನ ಮೇಲೆ ಎಣ್ಣೆಯ ಬಟ್ಟೆ ಹಾಕಿ, ತಿರುಗಿ ಕೇಳಿದೆ:

"ಮುಂಜಾನಿ ರೇಡಿಯೇಟರ್‌ನ್ಯಾಗ ನೀರ ನೋಡಿದ್ದೇನಲೇ?"

ಅವನು ರೇಡಿಯೇಟರಿನ ಮುಚ್ಚಳದ ಕಡೆ ನೋಡಿದ. "ನೋಡಿದ್ನಿ... ನೋಡಿದ್ನಿ ಅನಸ್ತೈತ್ರಿ."

ಇದೂ ಸುಳ್ಳಲ್ಲ, ಬರೀ ಒಂದು ಪ್ರಶ್ನೆ. ಆ ಪ್ರಶ್ನೆ ಊರೆಲ್ಲ ಸುತ್ತಿ ಉತ್ತರವಾಗಿ ಬಂತು. ನನ್ನ ಹೆಂಡತಿ ಸ್ವಂತ ತಮ್ಮನ ಮುಂದೆ, "ಗೆದ್ದ ಎತ್ತಿಗೆ ನೀರ ಕುಡಸಾಕ ಮರತ ಮೂಳ ನೀ" ಎಂದಳು. ಮತ್ತೊಂದು ಎಂಜಿನ್ನಿಗೆ ದುಡ್ಡಿಲ್ಲದೆ ಜೀಪು ಗುಜರಿಗೆ ಹೋಯಿತು. ಅವನು ಬೇರೆಯವರ ಜೀಪು ಹೊಡೆಯಲು ನಿಂತ. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ನಿಂತಾಗಲೆಲ್ಲ ಅವನು ಇಳಿದು ಬಾನೆಟ್ ಎತ್ತಿ ನೀರು ನೋಡುತ್ತಿದ್ದ. ಈಗಷ್ಟೇ ನೋಡಿದ್ದರೂ ಮತ್ತೆ ನೋಡುತ್ತಿದ್ದ. ಒಳಗೆ ಕೂತವರು, "ಏ ನೀರಪ್ಪಾ, ಬಾವಿನ ಕಟ್ಟಿಸಿಬಿಡು ಒಳಗ!" ಎಂದು ನಗುತ್ತಿದ್ದರು. ನಾನು ಅಂಗಡಿಯ ಕಟ್ಟೆಯಿಂದ ಇದನ್ನು ವರ್ಷಗಟ್ಟಲೆ ನೋಡಿದೆ. ದವಾಖಾನೆಯ ಬ್ಲಾಕನ್ನು ಕಬ್ಬೂರಿನವನೊಬ್ಬ ಒಯ್ದು, ಅದೇ ಸ್ಟ್ಯಾಂಡಿನಿಂದ ದಿನವೂ ಓಡಿಸುತ್ತಿದ್ದ.

ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಜೈನರು ಮನೆಮನೆಗೆ ಹೋಗಿ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತೇವೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಂದು ಹೇಳುವುದು ರೂಢಿ. ನನ್ನಂಥವನಿಗೆ ಆ ಮಾತು ಒಳ್ಳೆಯ ಹೊದಿಕೆ. ಒಳಗೆ ಏನಿದೆಯೆಂದು ಯಾರೂ ತೆಗೆದು ನೋಡುವುದಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ ಮೈದುನ ನಮ್ಮ ಮನೆಗೆ ಬಂದು, ಯಾವಾಗಿನಂತೆ ಕೈಮುಗಿದು, "ತಿಳದು ತಿಳೀದ ಏನರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ ದಾಜಿ" ಎಂದ. ಅವನ ತಲೆ ನೆರೆತಿತ್ತು. ಇವನು ನನ್ನ ಕ್ಷಮೆ ಕೇಳುತ್ತಿದ್ದಾನಲ್ಲ ಎಂದು ಮೊದಲ ಸಲ ನನಗೆ ನನ್ನ ಮೇಲೆ ಅಸಹ್ಯವಾಯಿತು.

"ತಪ್ಪ ನಂದೈತಿ. ತಿಳದ ಮಾಡೀನಿ. ಆ ಐಗಳಿ ಬ್ಲಾಕ್ ಹಾಳಿ ಹಂಗ ತೆಳ್ಳಗಾಗಿತ್ತು. ಕೊಡೂಮುಂದ ನನಗ ಗೊತ್ತಿತ್ತು."

ಅವನು ನಕ್ಕುಬಿಟ್ಟ. "ಬಿಡ್ರಿ, ಗೆದ್ದ ಬ್ಲಾಕ್ ಅದು. ಇನ್ನೂ ಚುಚ್ಚತೈತೇನ ನಿಮ್ಮ ಕಣ್ಣಾಗ?"

"ಗೆದ್ದಿದ್ದು ಖರೆ. ಅದಕ್ಕ ನಿನ್ನ ಕೈ ಕಾರಣ, ಬ್ಲಾಕ್ ಅಲ್ಲ. ಅವತ್ತ ಅದು ಗ್ವಾಡಿ ಸೀಳಿ ಹೋತು. ನೀರ ಕಡಿಮಿ ಬಿದ್ದಿರಲಿಲ್ಲ. ನಾ ಬಟ್ಟಿ ಮುಚ್ಚಿ ನಿನ್ನ ಕೇಳಿದ್ನಿ."

ನಗು ನಿಂತಿತು. ತನ್ನ ಅಂಗೈ ನೋಡುತ್ತ ಕೂತು ಕೇಳಿದ: "ಅಂದ್ರ ಅವತ್ತ ನಾ ನೀರ ಹಾಕಿದ್ನಿ?"

"ಹಾಕಿದ್ದಿ."

"ನನಗ್ಯಾಕ ಹೇಳಾಕತ್ತೀರಿ ಇದನ್ನ? ನಾ ಏನ ಮಾಡ್ಲಿ ಇದನ್ನ ತಗೊಂಡ?" ಎಂದು ಎದ್ದು ನಿಂತ. "ಹೇಳೂದಿದ್ರ ಅಕ್ಕಗ ಹೇಳ್ರಿ. ನನ್ನ ಮುಂದ ಹೇಳ್ರಿ."

ಹೆಂಡತಿಯನ್ನು ಅಡುಗೆಮನೆಯಿಂದ ಕರೆದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹೇಳಿದೆ, ಗೋಡೆಯ ದಪ್ಪ, ಉಳಿಯ ಸದ್ದು, ಎಣ್ಣೆಯ ಬಟ್ಟೆ, ಎಲ್ಲವನ್ನೂ. ಮುಗಿದ ಮೇಲೆ ತಮ್ಮನ ಹತ್ತಿರ ಹೋಗಿ, ಕೈಮುಗಿದು, "ನಾ ಅಂದಿದ್ದ ಮಾತ ಹೊಟ್ಯಾಗ ಹಾಕ್ಕೋಪಾ" ಎಂದಳು. ತಿಳಿದೋ ತಿಳಿಯದೆಯೋ ಎಂದು ಅವಳು ಸೇರಿಸಲಿಲ್ಲ. ಆಮೇಲೆ ಅವನನ್ನು ಊಟಕ್ಕೆ ಒಳಗೆ ಕರೆದುಕೊಂಡು ಹೋದಳು. ಹೋಗುವಾಗ ನನ್ನ ಕಡೆ ಒಮ್ಮೆ ಹೀನಾಯವಾಗಿ ನೋಡಿದಳು. ಅವಳ ತಮ್ಮನನ್ನು ಹಾಗೆ ನೋಡಲು ಅವಳಿಗೆ ಕಲಿಸಿದವನು ನಾನು. ಒಳಗೆ ತಾಟು ಇಡುವ ಸದ್ದು ಕೇಳಿಸಿತು. ನನ್ನನ್ನು ಯಾರೂ ಕರೆಯಲಿಲ್ಲ.