ಹಿರೇರ ಎಡೆಗೆ ಬಂದ ಫ್ರೆಂಚ್ ಬ್ರಾಂಡಿ

ಆ ಬಾಟಲಿ ಮರಳಿ ಎಂಬ ಊರಿನ ನಮ್ಮ ಮನೆಗೆ ಬಂದದ್ದು ಹಿರೇರ ಹಬ್ಬದ ಹಿಂದಿನ ದಿನ. ಮಹಾಲಯ ಅಮಾವಾಸ್ಯೆಯನ್ನು ನಮ್ಮ ಮನೆಯಲ್ಲಿ ಹಾಗೇ ಕರೆಯುವುದು. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಫೋಟೋದ ಮುಂದೆ ಎಡೆ ಇಡುತ್ತೇವೆ. ಅವರು ಬಂದು ಉಂಡು ಹೋಗಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂಡುತ್ತೇವೆ. ನಾನೂ ನನ್ನ ಗಂಡನೂ ಕೊಪ್ಪಳದಿಂದ ಮಧ್ಯಾಹ್ನದ ಬಸ್ಸಿಗೆ ಬಂದಿದ್ದೆವು. ದುಬೈಯಲ್ಲಿ ಹೋಟೆಲಿನ ಅಡಿಗೆಮನೆಯಲ್ಲಿರುವ ಮೈದುನ ಹೈದರಾಬಾದಿಗೆ ಇಳಿದು, ಅಲ್ಲಿಂದ ಗಂಗಾವತಿಗೆ ಬಸ್ಸು ಹಿಡಿದು, ಸಂಜೆ ಮನೆ ಸೇರಿದ. ಕೈಕಾಲು ತೊಳೆಯುವ ಮೊದಲೇ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಅಕ್ಕಿ ಚೀಲದ ಮೇಲಿಟ್ಟ.

ಗಟ್ಟಿ ರಟ್ಟಿನ ಡಬ್ಬಿ. ಅದರ ಮುಚ್ಚಳ ಮೇಲಕ್ಕೆ ಏಳುವುದಿಲ್ಲ. ಕಪಾಟಿನ ಹಾಗೆ ಎರಡು ಕಡೆ ಬಾಗಿಲು ತೆರೆಯುತ್ತವೆ. ಒಳಗೆ ಮಖಮಲ್ಲಿನ ಗುಳಿಯಲ್ಲಿ ಬಾಟಲಿ ನಿಂತಿತ್ತು. ಕೆಳಗೆ ಅಗಲ, ಮೇಲೆ ಗಿಡ್ಡ ಕುತ್ತಿಗೆ, ತಿರುಗಿಸುವ ಮುಚ್ಚಳದ ಬದಲು ಗಾಜಿನ ಬಿರಡೆ. ಒಳಗಿನ ದ್ರವಕ್ಕೆ ಹಾಲು ಹಾಕದೆ ಆರಲು ಬಿಟ್ಟ ಚಹಾದ ಬಣ್ಣ. ಡಬ್ಬಿಯ ಬಾಗಿಲಿನ ಒಳಮೈಯಲ್ಲಿ ಒಬ್ಬ ಮನುಷ್ಯನ ಚಿತ್ರವಿತ್ತು: ಕಪ್ಪು ಕೋಟು, ಕಪ್ಪು ಕನ್ನಡಕ, ಬೆರಳ ತುಂಬ ಉಂಗುರ. ಬಾಟಲಿಯ ಗಾಜಿನ ಮೇಲೂ ಬಂಗಾರದ ಬಣ್ಣದಲ್ಲಿ ಅವನ ಸಹಿ.

ಅತ್ತೆ ಚಿತ್ರವನ್ನು ಹತ್ತಿರದಿಂದ ನೋಡಿದರು. ಅವರು ಇಂದಿಗೂ ಭತ್ತದ ನಾಟಿಗೆ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುವವರು. ಗದ್ದೆಯ ಆಚೆ ಬದುವಿಗೂ ಕೇಳುವ ದನಿ.

"ಯಾರಪಾ ಈ ಮನಶಾ? ಇವನ ಮನ್ಯಾಗ ಮಾಡ್ತಾರೇನು ಇದನ್ನ?"

"ಅಲ್ಲಬೇ ಯವ್ವಾ. ಮಾಡೂದು ಫ್ರಾನ್ಸಿನಾಗ. ಅಂವ ಹಾಡು ಹಾಡಾಂವ. ಜಗತ್ತಿಗೆಲ್ಲ ಗೊತ್ತದಾನ."

"ಹಾಡಾಂವ ದಾರು ಯಾಕ ಮಾರ್ತಾನ? ಹಾಡು ನಡೀವಲ್ತೇನು?"

ಪಕ್ಕದ ಮನೆಯ ಕಾಕಾ ಅಷ್ಟರಲ್ಲಿ ಬಂದು ಹೊಸ್ತಿಲಲ್ಲಿ ಕೂತಿದ್ದರು. ತೀರಿಹೋದ ನನ್ನ ಮಾವನ ಜೊತೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದವರು, ಸಂಜೆ ಅವರ ಜೊತೆಗೇ ಕುಡಿದವರು. "ಸಹಿ ಬ್ಯಾರೆ ಮಾಡ್ಯಾನ ನೋಡ್ರಿ," ಅಂದರು. "ನಮ್ಮ ದಾರು ಪಾಕೀಟಿನ ಮ್ಯಾಲ ಯಾವ ಮಗನೂ ಸಹಿ ಮಾಡಲಿಲ್ಲ. ಮಾಡಿದ್ರ ಸಿಕ್ಕೊಂಡು ಬೀಳ್ತಿದ್ದ."

ಮೈದುನ ತನಗೆ ತಿಳಿದದ್ದನ್ನು ಹೇಳಿದ. ಇದು ದ್ರಾಕ್ಷಿಯದು. ರಸ ಹುಳಿಸಿ, ಭಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ತುಂಬಿಟ್ಟವನು ಸತ್ತು ಅವನ ಮಗ ಬಿರಡೆ ತೆಗೆಯುವುದೂ ಉಂಟು.

"ಕುಷ್ಟಗಿ ಕಡೆ ಏನು ದ್ರಾಕ್ಷಿ ಇಲ್ಲೇನು?" ಅಂದರು ಕಾಕಾ. "ಅಲ್ಲೇ ಇಳಿಸಿದ್ರ ಬಸ್ ಚಾರ್ಜಿನಾಗ ಮುಗೀತಿತ್ತು."

ಎಲ್ಲರೂ ನಕ್ಕರು. ನನ್ನ ಗಂಡ ನಗಲಿಲ್ಲ. ಅವರು ಒಳಗೆ ಬರದೆ ಬಾಗಿಲಿನ ಚೌಕಟ್ಟಿಗೆ ಭುಜ ಕೊಟ್ಟು ನಿಂತಿದ್ದರು. ಬಾಟಲಿಯನ್ನು ಒಮ್ಮೆ ನೋಡಿದರು, ಆಮೇಲೆ ತಮ್ಮನ ಮುಖ ನೋಡಿದರು. ಎಮ್ಮೆಗೆ ನೀರು ಕುಡಿಸಬೇಕೆಂದು ಹೊರಟುಹೋದರು. ಎಮ್ಮೆಗೆ ನೀರು ಆಗಲೇ ಆಗಿತ್ತು. ಕುಡಿಸಿದ್ದೂ ಅವರೇ.

ಇಲ್ಲಿ ನಮ್ಮ ಮನೆಯ ಸಂಗತಿ ಹೇಳಬೇಕು. ನನ್ನ ಗಂಡ ಗಿಣಿಗೇರಾದ ಒಂದು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾರೆ. ಹಿಂದಿನ ವರ್ಷ ಇದೇ ಹಬ್ಬಕ್ಕೆ, ಮಾವ ತೀರಿದ ಮೇಲಿನ ಮೊದಲ ಎಡೆಗೆ, ಅತ್ತೆ ಮಾವನ ಎಂದಿನ ಅಗ್ಗದ ಬ್ರಾಂಡಿ ಪಾಕೀಟು ಇಟ್ಟಿದ್ದರು. ಎಡೆಯ ಪ್ರಸಾದವನ್ನು ಹಿರಿಯ ಮಗ ಮೊದಲು ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಹಿರಿಯರು ಉಂಡಂತಲ್ಲ ಎಂಬುದು ನಮ್ಮ ಮನೆತನದ ಪದ್ಧತಿ. ಕೆಲವು ತಿಂಗಳಿಂದ ಕುಡಿತ ಬಿಟ್ಟಿದ್ದ ನನ್ನ ಗಂಡ ಅಂದು ಪ್ರಸಾದವೆಂದು ಕುಡಿದರು. ಕೊಪ್ಪಳಕ್ಕೆ ಮರಳಿದ ಮೇಲೂ ಅದು ನಿಲ್ಲಲಿಲ್ಲ. ದೀಪಾವಳಿಯ ಹೊತ್ತಿಗೆ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಹಿಂದಿನ ದಿನ ಅವರು ಅಂಗೈಯಿಂದ ಗೋಡೆ ಒರೆಸುತ್ತಿದ್ದರು, ಇರುವೆ ಹತ್ತುತ್ತಿವೆ ಎಂದು. ಗೋಡೆಯ ಮೇಲೆ ಏನೂ ಇರಲಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ನಿಜವಾಗಿಯೂ ಏನೂ ಇರಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದ್ದರು: ಒಂದು ಹನಿ ಎಂಬುದು ಇವರ ಪಾಲಿಗೆ ಇಲ್ಲ. ಕಾರ್ಖಾನೆಯವರು ಕೆಲಸಕ್ಕೆ ಮತ್ತೆ ತೆಗೆದುಕೊಂಡರು, ಆದರೆ ಪ್ರತಿ ಪಾಳಿಗೂ ಗೇಟಿನಲ್ಲಿ ಉಸಿರು ಪರೀಕ್ಷಿಸುವ ಯಂತ್ರಕ್ಕೆ ಊದಿ ಒಳಗೆ ಹೋಗಬೇಕು. ಇನ್ನೊಮ್ಮೆ ಸಿಕ್ಕರೆ ಕ್ರೇನ್ ಇಲ್ಲ. ಮೈದುನನಿಗೆ ಇದೆಲ್ಲ ಫೋನಿನಲ್ಲಿ ತಿಳಿದ ಸುದ್ದಿ. 'ಅಣ್ಣ ಬಿಟ್ಟಾನ' ಎಂದರೆ ಯಾರೋ ಚಹಾ ಬಿಟ್ಟ ಹಾಗೆ ಅವನಿಗೆ ಕೇಳಿಸಿರಬೇಕು.

ಅವನ ಮನಸ್ಸೂ ನನಗೆ ಕಾಣುತ್ತಿತ್ತು. ಅಪ್ಪ ತೀರಿದಾಗ ರಜೆ ಸಿಗದೆ ಅವನು ಮಣ್ಣಿಗೆ ಬಂದಿರಲಿಲ್ಲ. ಒಲೆಯ ಮುಂದೆ ನನ್ನ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತ ಹೇಳಿದ, "ಅಪ್ಪ ಜೀವಮಾನೆಲ್ಲ ಪಾಕೀಟು ಕುಡದು ಸತ್ತ, ಅತ್ತಿಗಿ. ಒಮ್ಮೆರ ಛಲೋದು ಕುಡೀಲಿ ಅಂತ ತಂದೀನಿ."

"ನಿಮ್ಮಣ್ಣಗ ಅದು ಆಗೂದಿಲ್ಲಪಾ."

"ಹನಿಯಷ್ಟ. ಪ್ರಸಾದ ಅದು."

"ಪ್ರಸಾದ ಅಂತ ಮಷೀನಿಗೆ ತಿಳೀತೈತೇನು?"

ಅವನು ಇನ್ನೊಂದು ಗಡ್ಡೆ ಎತ್ತಿಕೊಂಡು ಬೆಳ್ಳುಳ್ಳಿ ಬಿಡಿಸತೊಡಗಿದ.

ಮರುದಿನ ಎಡೆ ಇಟ್ಟೆವು. ಬಾಳೆಎಲೆಯ ಮೇಲೆ ಕುರಿ ಮಾಂಸ, ಅನ್ನ, ಕಡಬು, ಹುರಿದ ಮೀನು; ಪಕ್ಕದಲ್ಲಿ ಹೊಸ ಧೋತರ, ಬೀಡಿ ಕಟ್ಟು, ಬೆಂಕಿಪೆಟ್ಟಿಗೆ. ಮೈದುನ ಬಿರಡೆ ತೆಗೆದು ಸ್ಟೀಲಿನ ಲೋಟಕ್ಕೆ ಸ್ವಲ್ಪ ಸುರಿದ. ನಾನು ಹತ್ತಿರವೇ ಕೂತು ಊದಿನಕಡ್ಡಿ ಹಚ್ಚುತ್ತಿದ್ದೆ. ಕೊಪ್ಪಳದಲ್ಲಿ ನನ್ನದು ರಕ್ತಪರೀಕ್ಷೆಯ ಲ್ಯಾಬಿನ ಕೆಲಸ. ಸ್ಪಿರಿಟ್ಟಿನ ವಾಸನೆ ಬೆರಳಿಗೆ ಹತ್ತಿಯೇ ಇರುತ್ತದೆ. ಇದೂ ಅದೇ ಇರುತ್ತದೆ, ಬರೀ ಡಬ್ಬಿ ಬೇರೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಮೊದಲು ಒಣದ್ರಾಕ್ಷಿ ಬಂತು. ಅದರ ಹಿಂದೆ, ಬಹಳ ದಿನ ಮುಚ್ಚಿಟ್ಟ ಕಟ್ಟಿಗೆಯ ಪೆಟ್ಟಿಗೆ ತೆರೆದಾಗ ಬರುವಂಥದ್ದು. ಆಮೇಲೆ ತಳ ಹಿಡಿದ ಬೆಲ್ಲದ ಪಾಕ. ನನ್ನ ಲ್ಯಾಬಿನ ಸ್ಪಿರಿಟ್ಟು ಬಂದದ್ದು ಎಲ್ಲಕ್ಕೂ ಕೊನೆಗೆ. ಮತ್ತೊಮ್ಮೆ ಉಸಿರೆಳೆದು ನೋಡಿದೆ. ವಾಸನೆ ಹಿತವಾಗಿತ್ತು. ಹೆದರಿಕೆ ಹುಟ್ಟಿದ್ದು ಅದರಿಂದಲೇ.

ಬಾಗಿಲು ಮುಚ್ಚಿ ಹೊರಗೆ ಕಟ್ಟೆಯ ಮೇಲೆ ಕೂತೆವು. ಈ ಹೊತ್ತಿನಲ್ಲಿ ಮಾತಾಡಬಾರದು. ಕಾಕಾ ಪಿಸುದನಿಯಲ್ಲಿ ಮಾತಾಡಿದರು.

"ಒಳಗ ನಿಮ್ಮಪ್ಪ ದಾರಿ ತಪ್ಪಿ ಯಾರದೋ ಮನಿಗೆ ಬಂದೆ ಅಂತ ತಿಳಕೊಂಡು ಹೊಳ್ಳಿ ಹೋಗ್ತಾನ ನೋಡು. ಅಂಥಾ ಬಾಟ್ಲಿ ಅಂವ ಕಣ್ಣಿಲೆ ಕಂಡಿಲ್ಲ."

"ಲೋಟಕ್ಕ ಹಾಕೀನಿ ಕಾಕಾ," ಅಂದ ಮೈದುನ.

"ಹಂಗಾದ್ರ ಆತು. ಲೋಟದ ಗುರುತು ಹಿಡೀತಾನ."

"ಸುಮ್ಮನ ಕುಂದ್ರೋ," ಎಂದರು ಅತ್ತೆ. "ಉಣ್ಣಾಂವಗ ಉಣ್ಣಾಕ ಬಿಡು."

ನನ್ನ ಗಂಡ ಕಟ್ಟೆಯ ತುದಿಯಲ್ಲಿದ್ದರು. ಎರಡೂ ಕೈಗಳನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡಿದ್ದರು. ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ. ಅವು ನಡುಗುತ್ತಿರಲಿಲ್ಲ.

ಅತ್ತೆ ಎದ್ದು ಕದ ತಟ್ಟಿ ತೆರೆದರು. ಎಲ್ಲರೂ ಒಳಗೆ ಹೋಗಿ ನಮಸ್ಕಾರ ಮಾಡಿದೆವು. ಮೈದುನ ಲೋಟ ಎತ್ತಿಕೊಂಡು ಅಣ್ಣನ ಮುಂದೆ ಹಿಡಿದ. ಅವನ ಕಣ್ಣು ತುಂಬಿದ್ದವು.

"ತಗೋ ಅಣ್ಣಾ. ನೀ ಮುಟ್ಟಿದ್ರ ಅಪ್ಪ ಮುಟ್ಟಿದಂಗ."

ನನ್ನ ಗಂಡ ಲೋಟ ತೆಗೆದುಕೊಂಡರು.

ನನ್ನ ಕೈಯಲ್ಲಿ ಅನ್ನದ ಬೋಗುಣಿ ಇತ್ತು. ಬೇಡ ಎಂದು ಹೇಳಬೇಕೆಂದುಕೊಂಡೆ. ಬೋಗುಣಿ ನೆಲಕ್ಕಿಟ್ಟೆ. ಅವರು ಲೋಟವನ್ನು ಎದೆಯ ಮಟ್ಟದಲ್ಲಿ ಹಿಡಿದು ನಿಂತಿದ್ದರು. ಅದು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಕಾಕಾ "ತಗೋ ತಗೋ" ಎಂದರು. ಊದಿನಕಡ್ಡಿಯ ಹೊಗೆ ನನ್ನ ಗಂಡನ ಮೊಣಕೈಯನ್ನು ಸುತ್ತಿ ಹೋಗುತ್ತಿತ್ತು.

"ಇಲ್ಲಿ ಕೊಡು," ಎಂದರು ಅತ್ತೆ.

ಯಾರಿಗೂ ತಿಳಿಯಲಿಲ್ಲ. ಅವರು ಕೈ ಚಾಚಿದರು. "ನನಗ ಕೊಡು. ಈ ಮನ್ಯಾಗ ಈಗ ಹಿರೇಕಿ ನಾನದೀನಿ. ಮದಲ ನನಗ."

"ಯಕ್ಕಾ, ಹೆಣ್ಮಕ್ಕಳು ಮದಲ ಎಡಿ ಮುಟ್ಟಬಾರದು," ಎಂದರು ಕಾಕಾ.

"ಎಡಿ ಮಾಡಿದಾಕಿ ಮುಟ್ಟಬಾರದು, ಉಣ್ಣಾಂವ ಮುಟ್ಟಬೇಕು. ಛಲೋ ಕಾಯ್ದೆ ಐತಿ ತಗಿ ನಿಂದು."

ಲೋಟ ಮಗನ ಕೈಯಿಂದ ಅವರ ಕೈಗೆ ಹೋಯಿತು. ಅತ್ತೆ ಗೋಡೆಗೆ ಒರಗಿ ಕೂತು, ಸೆರಗು ಸರಿ ಮಾಡಿಕೊಂಡು, ಔಷಧಿ ಕುಡಿಯುವವರ ಹಾಗೆ ಅಲ್ಲ, ಬಿಸಿ ಹಾಲು ಕುಡಿಯುವವರ ಹಾಗೆ ತುಟಿಯ ತುದಿಯಿಂದ ಕುಡಿದರು. ಜೀವಮಾನದಲ್ಲಿ ಅದನ್ನು ಮುಟ್ಟಿದವರಲ್ಲ. ಮಾವನ ಪಾಕೀಟುಗಳನ್ನು ತಿಪ್ಪೆಗೆ ಸುರಿದು ಪೆಟ್ಟು ತಿಂದವರು. ಕಣ್ಣಲ್ಲಿ ನೀರು ಬಂತು, ಕೆಮ್ಮಲಿಲ್ಲ. ಎದೆಯ ಮೇಲೆ ಕೈ ಇಟ್ಟು, ಅದು ಎಲ್ಲಿಯವರೆಗೆ ಇಳಿಯಿತೆಂದು ಹಿಂಬಾಲಿಸುವವರ ಹಾಗೆ ಸುಮ್ಮನೆ ಕೂತರು.

"ಸುಡತೈತಿ," ಅಂದರು. ಸ್ವಲ್ಪ ತಡೆದು, "ಹಿಂದಿಂದ ಸೀ ಬರತೈತಿ. ಅವರದೂ ಹಿಂಗ ಇರತಿತ್ತೇನೋ?"

ಕಾಕಾ ಲೋಟದ ತಳದಲ್ಲಿದ್ದದ್ದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತೆರೆದರು. "ಇಲ್ಲ ಯಕ್ಕಾ. ನಮ್ಮದರಾಗ ಸುಡೂದು ಅಷ್ಟ ಇರತಿತ್ತು. ಸೀ ಇದ್ದಿದ್ದಿಲ್ಲ."

ಅತ್ತೆ ಹಿರಿಯ ಮಗನ ಕಡೆ ತಿರುಗಿದರು. "ನಿನಗ ಒಂದು ಮಾತು ಕೇಳ್ತೀನಿ, ಯಪ್ಪಾ. ನಿಮ್ಮಪ್ಪಗ ಕೇಳಿದ್ರ ಹೊಡ್ಯಾಕ ಬರತಿದ್ದ. ಇದರಾಗ ನಿನಗ ಏನು ಸಿಗತಿತ್ತು? ಬೈಯಾಕಂತ ಕೇಳವಲ್ಲೆ. ತಿಳಕೊಳ್ಳಾಕ ಕೇಳಾಕತ್ತೀನಿ."

ಆಸ್ಪತ್ರೆಯಲ್ಲಿ ಎಷ್ಟು ಎಂದು ಕೇಳಿದ್ದರು, ಎಷ್ಟು ವರ್ಷದಿಂದ ಎಂದು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

ಅವರು ತಾಯಿಯ ಎದುರು ನೆಲಕ್ಕೆ ಕೂತರು.

"ರುಚಿ ಅಲ್ಲಬೇ. ಕ್ರೇನಿನ ಮ್ಯಾಲ ಕುಂತಾಗ ಕೆಳಗ ಮಂದಿ ಅಡ್ಡ್ಯಾಡತಿರತಾರ. ಮ್ಯಾಲ ಮಣಗಟ್ಟಲೆ ಕಬ್ಬಿಣ ಜೋತ್ಯಾಡತಿರತೈತಿ. ಹಿಡಿಕಿ ಹಿಡಕೊಂಡ ಕೈ ಬಿಗಿ ಆಗಿಬಿಡತೈತಿ. ಮನಿಗೆ ಬಂದ್ರೂ ಬಿಡೂದಿಲ್ಲ, ಉಂಡ್ರೂ ಬಿಡೂದಿಲ್ಲ. ಕುಡದ್ರ ಬಿಡತಿತ್ತು."

"ಅಷ್ಟನ?"

"ಮದಮದಲ ಅಷ್ಟ. ಆಮ್ಯಾಲ ಕುಡೀಲಿಲ್ಲಂದ್ರ ನಡಗಾಕ ಹತ್ತಿತು."

ಅತ್ತೆ ಅವರ ಬಲಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ನಾಟಿ ಮಾಡಿ ಒಡೆದ ತಮ್ಮ ಬೆರಳುಗಳಿಂದ ಒಂದೊಂದೇ ಗಂಟು ಒತ್ತಿ ನೋಡಿದರು. "ಈಗೂ ಬಿಗಿ ಐತಿ," ಎಂದರು.

"ಹೌದು. ಈಗ ಹಂಗ ಮಲಗತೀನಿ."

ಮೈದುನ ಇಷ್ಟೂ ಹೊತ್ತು ಬಿರಡೆಯನ್ನು ಕೈಯಲ್ಲೇ ಹಿಡಿದಿದ್ದ. "ಯವ್ವಾ, ಅಪ್ಪ ಉಂಡಂಗಾತೇನು?" ಎಂದು ಕೇಳಿದ. ಅದು ಸಣ್ಣ ಹುಡುಗನ ದನಿ.

"ಉಂಡ. ಕುಡದೀನಲ್ಲ ನಾನು. ಇನ್ನೇನು ಆಗಬೇಕು ಅವಗ?" ಎಂದರು ಅತ್ತೆ. ಅವರ ಕೆನ್ನೆ ಕೆಂಪಾಗಿತ್ತು. "ಆ ಹಾಡಾಂವನ ಡಬ್ಬಿ ಮುಚ್ಚು. ಅನ್ನ ಆರಾಕತ್ತೈತಿ."

ಊಟವಾದ ಮೇಲೆ ಮೈದುನ, ಅಪ್ಪನನ್ನು ಮಣ್ಣು ಮಾಡಿದ ಜಾಗ ತಾನು ನೋಡಿಲ್ಲ ಎಂದ. ಅಣ್ಣ ತಮ್ಮ ಇಬ್ಬರೂ ಕಾಲುವೆಯ ಏರಿ ಹಿಡಿದು ಹೋದರು. ಬಾಟಲಿ ತಮ್ಮನ ಕೈಯಲ್ಲಿತ್ತು. ನಾನು ಪಾತ್ರೆ ತೊಳೆಯುತ್ತ ಆ ಏರಿಯನ್ನೇ ನೋಡುತ್ತಿದ್ದೆ. ಅವರು ಮರಳಿದಾಗ ಬಾಟಲಿ ಖಾಲಿಯಾಗಿತ್ತು. ನಾನು ಏನೂ ಕೇಳುವ ಮೊದಲೇ ಮೈದುನ, "ನಾನ ಸುರವಿದೆ, ಅತ್ತಿಗಿ. ಎಲ್ಲಾ ಮಣ್ಣಿಗೆ. ಅಣ್ಣ ಜಾಗ ತೋರಿಸಿ ದೂರ ನಿಂತಿದ್ದ," ಎಂದ. ಕಾಕಾ ಇದನ್ನು ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಕೊಪ್ಪಳದ ಬಸ್ಸಿನಲ್ಲಿದ್ದೆವು. ಅವರು ಗಿಣಿಗೇರಾದಲ್ಲಿ ಇಳಿದು ನೇರ ಪಾಳಿಗೆ ಹೋಗುವವರಿದ್ದರು. ನನಗೆ ಆ ವಾಸನೆ ಇನ್ನೂ ತಲೆಯಲ್ಲಿತ್ತು: ಒಣದ್ರಾಕ್ಷಿ, ಕಟ್ಟಿಗೆ, ಬೆಲ್ಲ. ಅದು ಅವರಿಗೆ ಹೇಗೆ ಬಂದಿರಬಹುದು ಎಂದು ತಿಳಿಯುವ ಆಸೆ. ಅತ್ತೆ ಕೇಳಿದ ರೀತಿಯಲ್ಲೇ ಕೇಳಲು ನೋಡಿದೆ.

"ಲೋಟ ಕೈಯಾಗ ಹಿಡಕೊಂಡಾಗ ಹೆಂಗ ವಾಸನಿ ಬಂತ್ರಿ ನಿಮಗ?"

"ಗೊತ್ತಿಲ್ಲ."

"ಅಷ್ಟು ಹತ್ತಿರ ಇತ್ತಲ್ರಿ."

"ಉಸರ ತಗೊಳ್ಳಲಿಲ್ಲ. ಅವ ಲೋಟ ಕೊಟ್ಟಾಗಿಂದ ಅವ್ವ ಇಸಗೊಳ್ಳೂತನ ಉಸರು ಬಿಗಿಹಿಡದ ನಿಂತಿದ್ದೆ."

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕಾರ್ಖಾನೆಯ ಚಿಮಣಿಗಳು ಕಾಣತೊಡಗಿದ್ದವು.

"ಅತ್ತಿ ಲೋಟ ಕೇಳದಿದ್ರ?" ಎಂದೆ.

"ಅದನ್ನ ನಾನೂ ರಾತ್ರೆಲ್ಲಾ ವಿಚಾರ ಮಾಡೀನಿ," ಎಂದರು. "ಮನಶಾ ಎಷ್ಟೊತ್ತು ಉಸರು ಹಿಡೀತಾನ?"

ಗಿಣಿಗೇರಾ ಬಂತು. ಅವರು ಬುತ್ತಿ ತೆಗೆದುಕೊಂಡು ಇಳಿದರು. ಬಸ್ಸು ಹೊರಡುವವರೆಗೂ ನಾನು ಕಿಟಕಿಯಿಂದ ನೋಡಿದೆ. ಗೇಟಿನ ಕಡೆಗೆ ಹೋಗುವ ಗುಂಪಿನಲ್ಲಿ ಅವರೂ ಒಬ್ಬರಾಗಿ, ಬಲಗೈಯ ಬೆರಳುಗಳನ್ನು ಮಡಚಿ ಬಿಚ್ಚುತ್ತ ನಡೆಯುತ್ತಿದ್ದರು.