ರಾಧಿಕಾ ನೋಡಿದ ಇನ್ನೊಂದು ಅಂಕಿ

ಬನಹಟ್ಟಿಯ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ರಾಧಿಕಾ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಾಳೆ. ಊರಿನ ಅರ್ಧ ಜನರ ತೋಳು ಅವಳಿಗೆ ಗೊತ್ತು, ಅವಳ ಹೆಸರು ಮಾತ್ರ ಯಾರಿಗೂ ಬೇಕಾಗಿಲ್ಲ. 'ರಕ್ತಾ ತಗಿಯಾಕಿ' ಎಂದರೆ ಮುಗಿಯಿತು. ಡೆಂಗಿಯ ಮಳೆಗಾಲದಲ್ಲಂತೂ ಕೌಂಟರಿನ ಮುಂದೆ ಎಲ್ಲರದ್ದೂ ಒಂದೇ ಪ್ರಶ್ನೆ: ಪ್ಲೇಟ್‌ಲೆಟ್ ಎಷ್ಟು? ಆ ಅಂಕಿ ಸಿಕ್ಕರೆ ಹಾಳೆ ಮಡಚಿ ಜೇಬಿಗೆ. ನೂಲಿನ ವ್ಯಾಪಾರಿ ಗಿರಮಲ್ಲಪ್ಪನಾದ ನಾನೂ ಅಂಥವನೇ.

ನನ್ನ ತಮ್ಮ ಶಂಕರೆಪ್ಪನಿಗೆ ನಲವತ್ತಾರು ವರ್ಷ, ಮನೆಯಲ್ಲೇ ನಾಲ್ಕು ಪಾವರ್‌ಲೂಮ್. ಡೆಂಗಿಯ ಐದನೆಯ ದಿನ ಜ್ವರ ಬಿಟ್ಟಿತೆಂದು ಎದ್ದು ಮಗ್ಗ ಚಾಲೂ ಮಾಡಿದ. ಅವತ್ತಿನ ರಕ್ತದ ವರದಿ ತರಲು ನಾನು ಲ್ಯಾಬಿಗೆ ಹೋದೆ. ರಾಧಿಕಾ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಕಾಕಾರ, ಪ್ಲೇಟ್‌ಲೆಟ್ ಎಂಬತ್ತೆರಡು ಸಾವಿರ ಐತ್ರಿ. ಅದನ್ನಷ್ಟ ನೋಡಬ್ಯಾಡ್ರಿ. ಈ ಪಿಸಿವಿ, ಅಂದ್ರ ರಕ್ತದಾಗ ಕೆಂಪು ಕಣದ ಪಾಲು, ಮೊನ್ನೆ ನೂರಕ್ಕ ನಲವತ್ತೊಂದಿತ್ತು, ಇವತ್ತ ಐವತ್ತೆರಡು. ರಕ್ತದಾಗಿನ ನೀರು ನಾಳದಿಂದ ಹೊರಗ ಸೋರಾಕತ್ತೈತಿ, ರಕ್ತ ಗಟ್ಟಿ ಆಗಾಕತ್ತೈತಿ. ಜ್ವರಾ ಬಿಟ್ಟ ಹೊತ್ತಿನಾಗ ಇದು ಭಾಳ ಕೆಟ್ಟ. ಈಗಿಂದೀಗ ಜಮಖಂಡಿ ದವಾಖಾನಿಗೆ ಕರಕೊಂಡ ಹೋಗ್ರಿ."

"ನೀ ಏನ ಡಾಕ್ಟರ ಏನಬೇ? ರಕ್ತಾ ತಗಿ, ಸಾಕು," ಎಂದೆ. ನನ್ನ ಬಾಯಿಗೆ ಮಣ್ಣು ಹಾಕಬೇಕಿತ್ತು.

ಅವಳು ನಮ್ಮ ಓಣಿಯ ಡಾಕ್ಟರಿಗೆ ಫೋನು ಮಾಡಿದಳು. ಪ್ಲೇಟ್‌ಲೆಟ್ ಐವತ್ತು ಸಾವಿರದ ಮೇಲಿದ್ದರೆ ಚಿಂತೆಯಿಲ್ಲ ಎಂದು ಆ ಪುಣ್ಯಾತ್ಮ ಪೂರ್ತಿ ಕೇಳದೆ ಫೋನು ಇಟ್ಟ. "ಪೇಶಂಟರ ಮಂದಿನ್ನ ಅಂಜಸಬ್ಯಾಡ," ಎಂದು ಲ್ಯಾಬಿನ ಮಾಲೀಕ ಗದರಿದ. ಒಂದು ಜೀವ ಹೋಗುತ್ತಿರುವಾಗ ಮೂವರು ದೊಡ್ಡ ಮನುಷ್ಯರು ಸೇರಿ ಒಬ್ಬ ಹೆಣ್ಣುಮಗಳ ಬಾಯಿ ಮುಚ್ಚಿಸಲು ನಿಂತಿದ್ದೆವು. ನಾಚಿಕೆಯಾಗಬೇಕು ನಮಗೆ.

ರಾಧಿಕಾ ಕೈಗವಸು ಕಿತ್ತೆಸೆದು ಸ್ಕೂಟಿ ಹತ್ತಿದಳು. ಬೈಯುತ್ತಲೇ ನಾನು ಕಾರಿನಲ್ಲಿ ಹಿಂದೆ ಹೋದೆ. ಮನೆಯಲ್ಲಿ ಶಂಕರೆಪ್ಪ ಮಗ್ಗದ ಪಕ್ಕ ಹೊಟ್ಟೆ ಹಿಡಿದು ಕುಳಿತಿದ್ದ. ಅಂಗೈ ತಣ್ಣಗೆ ಬೆವೆತಿತ್ತು. ಅವನ ಹೆಂಡತಿ ಮಾದೇವಿ ಪಪ್ಪಾಯಿ ಎಲೆಯ ರಸ ಹಿಡಿದು ಕುಡಿಯಲು ಕಾಡುತ್ತಿದ್ದಳು.

"ಅಕ್ಕಾರ, ಮುಂಜಾನಿಂದ ಒಂದಕ್ಕ ಹೋಗ್ಯಾರೇನ್ರಿ?"

"ಇಲ್ಲವ್ವಾ."

ರಾಧಿಕಾ ಮತ್ತೆ ಯಾರನ್ನೂ ಕೇಳಲಿಲ್ಲ. ತಾನೇ ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ನನ್ನ ಕಾರಿಗೆ ಹತ್ತಿಸಿದಳು, ತಾನೂ ಕುಳಿತಳು.

ಜಮಖಂಡಿಯ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿ, ಬಿ.ಪಿ. ಹಿಡಿತಕ್ಕೆ ಬಂದ ಮೇಲೆ ಡಾಕ್ಟರು ಹೊರಗೆ ಬಂದರು.

"ಇನ್ನೆರಡ ತಾಸು ತಡಾ ಆಗಿದ್ರ ಕೈ ಮೀರತಿತ್ರಿ. ಪಿಸಿವಿ ಏರಿದ್ದನ್ನ ಯಾರ ನೋಡಿದ್ರಿ?"

"ನಾನ ನೋಡಿದ್ನಿ ಸರ್," ಎಂದೆ.

ರಾಧಿಕಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಸಂಜಿಕ ಇನ್ನೊಮ್ಮಿ ರಕ್ತಾ ನೋಡ್ರಿ ಸರ್," ಎಂದಷ್ಟೇ ಹೇಳಿ ಬನಹಟ್ಟಿಯ ಬಸ್ಸಿಗೆ ಹೊರಟಳು.

ತಮ್ಮ ಇವತ್ತಿಗೂ ಮಂದಿಯ ಮುಂದೆ ನನ್ನ ಜಾಣತನ ಹೊಗಳುತ್ತಾನೆ. ಇದನ್ನು ಬರೆಯುವ ತನಕ ನಾನು ಅವನನ್ನು ತಡೆದಿಲ್ಲ.